ಕೆರೆಯ ಮೇಲೊಂದು ರಸ್ತೆ

ನಕ್ಷೆ ಕಚೇರಿಯ ಗೆರೆರಾಯನ ಕಷ್ಟಕ್ಕೆಲ್ಲ ಕಾರಣ ಒಂದು ಮಡಿಕೆ. ಅಂಗಿಯದಲ್ಲ, ಕಾಗದದ್ದು. ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ ಮೇಲೆ, ಅದರೊಳಗಿನ ರಸ್ತೆ, ಹಳ್ಳ, ಕೆರೆಗಳ ಮೇಲೆ ಮೌಸ್ ಹಿಡಿದು ಒಂದೊಂದೇ ಗೆರೆ ಎಳೆಯುವುದು ಅವನ ಕೆಲಸ. ಗೆರೆರಾಯ ಎಂಬ ಹೆಸರು ಕಚೇರಿಯವರು ಇಟ್ಟದ್ದು. ಈಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಸಂಜೆಗೆ ಫೈಲು ಸಾಹೇಬರ ಕೈ ಸೇರಬೇಕು. ಮಧ್ಯಾಹ್ನ ಪಕ್ಕದ ಮೇಜಿನ ಅಕ್ಕ ಇಣುಕಿ ನೋಡಿದರು.

"ಅಲ್ಲಪ್ಪಾ, ಇದ್ಯಾವ ರಸ್ತೆ? ಒಂದು ತಿರುವೂ ಇಲ್ಲ, ಸೀದಾ ಕೆರೆ ಮೇಲೆ ಹೋಗಿದೆ. ಜನ ಈಜ್ಕೊಂಡು ಹೋಗ್ತಾರಾ?"

ಗೆರೆರಾಯ ಕಣ್ಣುಜ್ಜಿ ನೋಡಿದ. ಕಾಗದ ಮಡಚಿದ ಗುರುತನ್ನೇ ರಸ್ತೆ ಎಂದುಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಎಳೆದುಬಿಟ್ಟಿದ್ದ. ತಪ್ಪು ಮಾಡಿದವರನ್ನು ಸಾಹೇಬರು ಬೈಯುವುದಿಲ್ಲ, ನೆಲಮಾಳಿಗೆಯ ದಾಖಲೆ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಫ್ಯಾನ್ ತಿರುಗುವುದಿಲ್ಲ, ಧೂಳಿಗೆ ಮಾತ್ರ ಕೊರತೆಯಿಲ್ಲ. ಅಲ್ಲಿಂದ ಮೇಲೆ ಬಂದು ಈ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಲು ಅವನು ಯಾರ್ಯಾರ ಕೈಕಾಲು ಹಿಡಿದಿದ್ದನೋ.

"ಗಾಬರಿ ಯಾಕೆ, ಒಂದು ಸೇತುವೆ ಹಾಕ್ಬಿಡಿ," ಎಂದ ಎದುರಿನ ಮೇಜಿನ ಪುಕ್ಕಟೆ ಸಲಹೆಗಾರ.

ಇವನು ಹಾಕಿಯೂ ಹಾಕಿದ. ಸೇತುವೆ ದಾಟಿದ ರಸ್ತೆ ಆಸ್ಪತ್ರೆಯೊಳಕ್ಕೆ ನುಗ್ಗಿತ್ತು.

"ಆಸ್ಪತ್ರೇನ ಸ್ವಲ್ಪ ಪಕ್ಕಕ್ಕೆ ಸರಿಸಿ."

ಸರಿಸಿದ. ಆಸ್ಪತ್ರೆ ಹೋಗಿ ಸ್ಮಶಾನದ ಮೇಲೆ ಕೂತಿತು.

"ಒಳ್ಳೇದಾಯ್ತು, ಓಡಾಟ ಉಳೀತು," ಎಂದರು ಅಕ್ಕ.

ಗೆರೆರಾಯನಿಗೆ ಅಳುವೊಂದು ಬಾಕಿ. ಆಸ್ಪತ್ರೆಯನ್ನು ಮೊದಲಿನ ಜಾಗಕ್ಕೆ ತಂದ, ಸೇತುವೆ ಕಿತ್ತ, ರಸ್ತೆ ಅಳಿಸಿದ. ಅವಸರದಲ್ಲಿ ಅದಕ್ಕೆ ಅಂಟಿಕೊಂಡಿದ್ದ ನಿಜವಾದ ಪೇಟೆ ಬೀದಿಯೂ ಮಾಯವಾಯಿತು. ಬೆವರೊರೆಸಿಕೊಂಡು ಅದನ್ನು ಮತ್ತೆ ಎಳೆದು ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಸಾಹೇಬರು ಕೆಮ್ಮಿದರು.

"ಸರ್, ಅಲ್ಲೊಂದು ರಸ್ತೆ ಇತ್ತು, ಇವ್ರು ಅಳಿಸಿಬಿಟ್ರು," ಎಂದು ಸಲಹೆಗಾರ ಬತ್ತಿ ಇಟ್ಟ.

ಸಾಹೇಬರು ಕನ್ನಡಕ ಏರಿಸಿ ಪರದೆಯನ್ನೊಮ್ಮೆ, ಕಾಗದದ ನಕ್ಷೆಯನ್ನೊಮ್ಮೆ ನೋಡಿದರು. ಗೆರೆರಾಯ ಕಣ್ಣು ಮುಚ್ಚಿಕೊಂಡ.

"ಅದು ರಸ್ತೆಯಲ್ಲ ಕಣ್ರೀ, ಮಡಿಕೆ. ಪಕ್ಕದ ವಿಭಾಗದವರು ಇಂಥದ್ದೇ ಗೆರೆ ಎಳೆದು, ಅದರ ಮೇಲೆ ಬಸ್ ಬಿಡೋಕೆ ಹೊರಟಿದ್ರು. ನಿಮ್ಮ ಕಣ್ಣಿಗೆ ಬಿತ್ತಲ್ಲ, ಭೇಷ್," ಎಂದು ಗೆರೆರಾಯನ ಬೆನ್ನು ತಟ್ಟಿದರು.

ಸಾಹೇಬರು ಅತ್ತ ಹೋದ ಮೇಲೆ ಗೆರೆರಾಯನಿಗೆ ಹೋದ ಜೀವ ಬಂದಂತಾಯಿತು. ಗಟಗಟನೆ ನೀರು ಕುಡಿದು ಹೆಂಡತಿಗೆ ಫೋನ್ ಮಾಡಿದ. "ಬಚಾವಾದೆ ಕಣೇ. ಸಾಹೇಬ್ರು ಭೇಷ್ ಅಂದ್ರು." ಮನಸ್ಸು ಇಷ್ಟು ಹಗುರವಾಗಿ ಎಷ್ಟೋ ಕಾಲವಾಗಿತ್ತು. ಸಲಹೆಗಾರನ ಮೇಲಿನ ಸಿಟ್ಟೂ ಇಳಿಯಿತು.

ಮನೆಗೆ ಹೊರಡುವ ಹೊತ್ತಿಗೆ ಸಾಹೇಬರು ಮತ್ತೆ ಬಂದರು.

"ಮಡಿಕೆ ಗುರುತಿಸೋ ಇಂಥ ಕಣ್ಣು ಇಲ್ಲಿದ್ದು ದಂಡ. ಸ್ಕ್ಯಾನ್ ಮಾಡೋಕೆ ಮುಂಚೇನೇ ನಕ್ಷೆಗಳ ಮಡಿಕೆ ಬಿಡಿಸಿ, ನೆಟ್ಟಗೆ ಮಾಡಿ ಕಳಿಸೋರು ಬೇಕು. ನಾಳೆಯಿಂದ ನೀವು ಕೆಳಗಿನ ದಾಖಲೆ ಕೋಣೆಗೆ."

ಅಷ್ಟರಲ್ಲಿ ಅಕ್ಕ ತಮ್ಮ ಚೀಲ ತಂದು ಗೆರೆರಾಯನ ಮೇಜಿನ ಮೇಲೆ ಇಟ್ಟಾಗಿತ್ತು.

"ಬೇಜಾರು ಮಾಡ್ಕೋಬೇಡಪ್ಪಾ. ಈ ಕಿಟಕಿ ನಾನು ನೋಡ್ಕೊಳ್ತೀನಿ."