ಎಡಗಾಲಿನ ಮೇಲೆ ಬಲಗಾಲಿನ ಪಾಠ

“ನೋವು ಎಲ್ಲಿದೆ ಅಮ್ಮಾ?” ಎಂದು ಮೂಳೆ ಡಾಕ್ಟರು ಕೇಳಿದರು.

“ಬಲಗಾಲಲ್ಲಿ ಡಾಕ್ಟ್ರೇ. ಮಂಡಿ ಪಕ್ಕ ಒಳಗಡೆ ಈ ಗುಬುಟು ಇದೆಯಲ್ಲ, ಅದರ ಕೆಳಗೊಂದು ಗುಳಿ ಇದೆಯಲ್ಲ, ಅಲ್ಲಿ ಒಂಥರಾ ಚುಳುಕ್ ಅಂತ...”

ಡಾಕ್ಟರ ಹಿಂದೆ ಕಲಿಯಲು ನಿಂತಿದ್ದ ನಾಲ್ವರಲ್ಲಿ ಒಬ್ಬಳು ಕೆಮ್ಮಿದಳು. ಅದು ಕೆಮ್ಮಲ್ಲ! ಯಜಮಾನರು ಮಾಡಿದ ಅಡುಗೆಯನ್ನು ಹೊಗಳುವ ಮುಂಚೆ ನಾನೂ ಹಾಗೇ ಕೆಮ್ಮುತ್ತೇನೆ. ಇನ್ನೊಬ್ಬ ‘ಗುಬುಟು’ ಎಂದು ಮೆಲ್ಲಗೆ ಹೇಳಿಕೊಂಡ. ನಾಲ್ವರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು.

ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳಿಗೆ ಈ ಅವಮಾನವೇ! ಸೋಮವಾರ ಆಪರೇಷನ್ ಎಂದರು. ಸಣ್ಣ ತೂತು, ಪುಟ್ಟ ಕ್ಯಾಮೆರಾ, ಗಾಬರಿ ಬೇಡ ಎಂದರು. ಬೇಡವೆಂದ ಕೂಡಲೇ ಗಾಬರಿ ಬಂದು ಎದೆಯಲ್ಲಿ ಕುಕ್ಕರಿಸಿತು. ಎದುರಾಳಿಯ ಹೆಸರು ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆಯಾದೀತು ಎನಿಸಿತು. ಅಲ್ಲೇ ಶಪಥ ಮಾಡಿದೆ: ಸೋಮವಾರದೊಳಗೆ ಮಂಡಿಯಿಂದ ಕಿರುಬೆರಳಿನವರೆಗೆ ಪ್ರತಿಯೊಂದು ಭಾಗದ ವೈದ್ಯಕೀಯ ಹೆಸರನ್ನೂ ಬಾಯಿಪಾಠ ಮಾಡಿ, ಆ ನಾಲ್ವರ ಕೆಮ್ಮನ್ನು ಶಾಶ್ವತವಾಗಿ ವಾಸಿ ಮಾಡುತ್ತೇನೆ! ಕಾಲಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ನಾನು ಕಾಲಿಗೆ ವಿದ್ಯೆಯನ್ನೇ ಕಲಿಸಲು ಹೊರಟೆ.

ಪಕ್ಕದ ಮನೆಯ ಫಿಸಿಯೋಥೆರಪಿ ಹುಡುಗಿಯಿಂದ ದಪ್ಪ ಪುಸ್ತಕ ತಂದೆ. ಚಿತ್ರ ಬಿಡಿಸಿ ಬಾಣದ ಗುರುತು ಹಾಕಿ ಭಾಗಗಳನ್ನು ಹೆಸರಿಸದೆ ಏನೂ ತಲೆಗೆ ಹತ್ತುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರ್ ಸ್ಕೇಲಿನಿಂದ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಚಿತ್ರ ಬಿಡಿಸುವ ಕಷ್ಟವೇಕೆ, ಕಾಲೇ ಇದೆಯಲ್ಲ! ಬಲಮಂಡಿ ಊದಿಕೊಂಡು ಗಾಳಿ ಸೋಕಿದರೂ ಚೀರುತ್ತಿತ್ತು. ಹಾಗಾಗಿ ಎಡಗಾಲನ್ನು ಸ್ಟೂಲಿನ ಮೇಲಿಟ್ಟು, ಯಜಮಾನರ ಚೀಲದಲ್ಲಿದ್ದ ನೇರಳೆ ಮಾರ್ಕರ್ ತೆಗೆದುಕೊಂಡು ಶುರುಮಾಡಿದೆ. ಎಡವಟ್ಟು ಎಂಬ ಮಾತಿನಲ್ಲೇ ಎಡ ಇರುವುದು ಆಗ ಹೊಳೆಯಲಿಲ್ಲ.

ಪಾರ್ಸೆಲ್ ಆಫೀಸಿನಿಂದ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

“ಕಾಲನ್ನ ಯಾವ ಊರಿಗೆ ಕಳಿಸ್ತಿದೀಯೇ?”

“ಓದ್ತಿದೀನಿ ರೀ. ಇದು ಪಟೆಲ್ಲಾ, ಅಂದ್ರೆ ಮಂಡಿಚಿಪ್ಪು. ಇವೆರಡು ಉದ್ದದ ಮೂಳೆ, ಟಿಬಿಯಾ, ಫಿಬ್ಯುಲಾ.”

“ಅಕ್ಕ ತಂಗೀರ ಹೆಸರಿದ್ದಂಗಿದೆ. ಈ ಹಿಂದಿನ ದಪ್ಪಂದು?”

“ಮೀನಖಂಡ. ಅವರ ಭಾಷೆಯಲ್ಲಿ ಗ್ಯಾಸ್ಟ್ರೋಕ್ನೀಮಿಯಸ್. ಹಿಮ್ಮಡಿ ಮೂಳೆ ಕ್ಯಾಲ್ಕೇನಿಯಸ್.”

“ಎಲ್ಲಾ ಸರಿ ಕಣೇ. ಆದ್ರೆ ಆ ಮಾರ್ಕರ್, ಪಾರ್ಸೆಲ್ ಮಳೇಲಿ ನೆಂದ್ರೂ ವಿಳಾಸ ಅಳಿಸಬಾರದು ಅಂತ ಆಫೀಸಲ್ಲಿ ಕೊಟ್ಟಿರೋದು.”

ಅಳಿಸಲಿಲ್ಲ! ಸೋಪು, ಎಣ್ಣೆ, ನಿಂಬೆಹಣ್ಣು, ಪಾತ್ರೆ ಉಜ್ಜುವ ನಾರು, ಎಲ್ಲವೂ ಸೋತವು. ಚರ್ಮ ಕೆಂಪಾಯಿತು; ಆ ಕೆಂಪಿನ ಮೇಲೆ ನೇರಳೆ ಅಕ್ಷರಗಳು ಇನ್ನಷ್ಟು ಶೋಭಿಸಿದವು.

ಸೋಮವಾರ ಬೆಳಿಗ್ಗೆ ಡಾಕ್ಟರು ಬರುವ ಮುಂಚೆಯೇ ವಾರ್ಡಿನ ಸಿಸ್ಟರ್ ಬಂದು ಧೈರ್ಯಕ್ಕೆಂದು ಒಂದು ಇಂಜೆಕ್ಷನ್ ಕೊಟ್ಟರು. ನಾನು ಕಣ್ಣು ಮುಚ್ಚಿ ‘ಪಟೆಲ್ಲಾ, ಟಿಬಿಯಾ’ ಎಂದು ಜಪಿಸುತ್ತಿದ್ದೆ. ಕೆಳಗೆ ಅವರು ಕಾಲಿಗೆ ಏನೋ ತಣ್ಣಗೆ ಹಚ್ಚಿ, ಏನೋ ಸುತ್ತಿ ಹೋದರು. ಕಣ್ಣು ಬಿಟ್ಟಾಗ ನಾನು ಟ್ರಾಲಿಯ ಮೇಲೆ. ಹಸಿರು ಬಟ್ಟೆ ಸುತ್ತಿದ್ದು ಎಡಗಾಲಿಗೆ! ಬಲಗಾಲು ಪಾಪ, ಯಾರೂ ಮಾತಾಡಿಸದ ನೆಂಟನಂತೆ ಪಕ್ಕದಲ್ಲಿ ಬಿದ್ದಿತ್ತು.

“ಬಟ್ಟೆ... ಯಾಕೆ... ಈ ಕಾಲಿಗೆ?” ಎಂದೆ. ನಾಲಗೆ ಒದ್ದೆ ಕಂಬಳಿಯಷ್ಟು ಭಾರ.

“ಹೆದರಬೇಡಿ ಅಮ್ಮಾ,” ಎಂದ ಟ್ರಾಲಿ ತಳ್ಳುವಾತ. “ನೇರಳೆ ಬಾಣ ಹಾಕಿರೋ ಕಾಲನ್ನೇ ಇಲ್ಲಿ ಕೊಯ್ಯೋದು. ಡಾಕ್ಟ್ರೇ ಹಾಕ್ತಾರೆ, ತಪ್ಪೋ ಮಾತೇ ಇಲ್ಲ. ಬೇರೆಯವರಿಗೆ ಒಂದೇ ಬಾಣ. ನಿಮಗೆ ಹದಿನಾರು ಹಾಕಿದಾರೆ!”

ರಕ್ತವೆಲ್ಲ ಹಿಮ್ಮಡಿಗೆ, ಅಂದರೆ ಕ್ಯಾಲ್ಕೇನಿಯಸ್ಸಿಗೆ ಇಳಿಯಿತು. ನನಗೆ ಉಳಿದಿದ್ದ ಒಂದೇ ಗಟ್ಟಿ ಕಾಲು ಅದು! ಮೆಟ್ಟಿಲು ಹತ್ತಿಸುವುದು ಅದು, ಬಸ್ಸಿನಲ್ಲಿ ನಿಲ್ಲಿಸುವುದು ಅದು. ಅದನ್ನೂ ತೂತು ಮಾಡಿದರೆ ನಾಳೆ ನಿಲ್ಲುವುದು ಯಾವುದರ ಮೇಲೆ? ಕೂಗಬೇಕು ಎಂದು ಬಾಯಿ ತೆರೆದೆ. ಮೂರು ದಿನ ಉರುಹೊಡೆದದ್ದು ಒಂದೇ ಸಲ ನುಗ್ಗಿತು:

“ಟಿಬಿಯಾ! ಫಿಬ್ಯುಲಾ!”

“ಹೊರಗೇ ಇರ್ತಾರೆ ಅಮ್ಮಾ, ಆಮೇಲೆ ನೋಡೋರಂತೆ,” ಎಂದು ಆತ ಮಮತೆಯಿಂದ ಹೇಳಿ ಟ್ರಾಲಿಯನ್ನು ಇನ್ನೂ ಜೋರಾಗಿ ತಳ್ಳಿದ. “ಹೆಣ್ಣುಮಕ್ಕಳಾ ಇಬ್ಬರೂ?”

ಬಾಗಿಲು ತೆರೆಯಿತು. ತಲೆಯ ಮೇಲೆ ದೀಪಗಳು. ಅದೇ ನಾಲ್ವರೊಂದಿಗೆ ನಿಂತಿದ್ದ, ಮುಖಗವಸು ತೊಟ್ಟ ಡಾಕ್ಟರು ಗೋಡೆಯಲ್ಲಿದ್ದ ನನ್ನ ಮಂಡಿಯ ಸ್ಕ್ಯಾನ್ ಫಿಲಂ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫಿಲಂ ನೋಡಿದರು.

“ಫಿಲಂನಲ್ಲಿ ಬಲಗಾಲು. ಮೇಜಿನ ಮೇಲೆ ತಯಾರಾಗಿರೋದು ಎಡಗಾಲು. ಅಮ್ಮಾ, ನೋವು ಯಾವ ಕಾಲಲ್ಲಿ?”

ನಾನು ತುಟಿ ಅಲ್ಲಾಡಿಸಿದೆ. ‘ಮೆಟಾ... ಟಾರ್ಸಲ್...’ ಎಂದಿತು ಬಾಯಿ. ಇದ್ದಬದ್ದ ಬಲವನ್ನೆಲ್ಲ ಮುಷ್ಟಿಗೆ ತಂದು ಬಲಮಂಡಿಯ ಮೇಲೆ ಗುದ್ದಿಕೊಂಡೆ.

“ಅಯ್ಯಯ್ಯೋ ಅಮ್ಮಾ!”

ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ ಈ ಪದ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಹಸಿರು ಬಟ್ಟೆ ಬಿಚ್ಚಿದರು. ಐದು ಜೊತೆ ಕಣ್ಣುಗಳು ನನ್ನ ಕಾಲನ್ನು ಮೇಲಿನಿಂದ ಕೆಳಗೆ ಓದಿದವು. ಆಮೇಲೆ ನಾಲ್ವರಿಗೂ ಒಟ್ಟಿಗೆ ಕೆಮ್ಮು ಬಂತು.

ಮರುದಿನ ಬೆಳಿಗ್ಗೆ ಡಾಕ್ಟರು ತಮ್ಮ ಪರಿವಾರದೊಂದಿಗೆ ಹಾಸಿಗೆಯ ಬಳಿ ಬಂದರು. ಬಲಗಾಲಿಗೆ ಬ್ಯಾಂಡೇಜು, ಎಡಗಾಲಿಗೆ ವಿದ್ಯೆ. ಹೋದ ಮಾನವನ್ನು ಸ್ವಲ್ಪವಾದರೂ ವಾಪಸ್ ತರಬೇಕೆಂದು ಕೇಳಿದೆ:

“ಹೆಸರುಗಳಾದ್ರೂ ಸರಿಯಾಗಿದ್ವಾ ಡಾಕ್ಟ್ರೇ?”

“ಒಂದಕ್ಷರ ತಪ್ಪಿಲ್ಲ. ಆದ್ರೆ ನಿಮ್ಮ ಪುಸ್ತಕದ ಚಿತ್ರ ಬಲಗಾಲಿಂದು. ಹಾಗೇ ಎಡಗಾಲಿಗೆ ಇಳಿಸಿದ್ರಿ. ಹೊರಗಡೆ ಇರಬೇಕಾದ ಫಿಬ್ಯುಲಾ ಒಳಗೆ ಬಂದ್ಬಿಟ್ಟಿದಾಳೆ.”

ಪಕ್ಕದಲ್ಲಿ ಕೂತಿದ್ದ ಯಜಮಾನರು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಬಿಡಲಿಲ್ಲ ನಾನು. ದಿಂಬಿನ ಕೆಳಗಿದ್ದ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡೆ.

“ಹೋಗಲಿ ಡಾಕ್ಟ್ರೇ. ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ರಲ್ಲ. ಸರಿಯಾದ ಹೆಸರಿಟ್ಟೇ ಹೇಳಿ, ಬರ್ಕೋತೀನಿ. ಏನು ಹರಿದಿತ್ತು, ಎಲ್ಲಿ?”

ಡಾಕ್ಟರು ನನ್ನ ನೋಟ್‌ಬುಕ್ಕಿನ ಕಡೆ ಬಾಗಿದರು.

“ಮಂಡಿ ಪಕ್ಕ ಒಳಗಡೆ ಆ ಗುಬುಟು ಇದೆಯಲ್ಲಮ್ಮ,” ಎಂದರು, “ಅದರ ಕೆಳಗೊಂದು ಗುಳಿ ಇದೆಯಲ್ಲ, ಅಲ್ಲಿ.”