ಜಡತ್ವದ ಪಾಠಕ್ಕೆ ಹೊಲಿದ ಅಂಚು

ಏಳನೇ ತರಗತಿಗೆ ಜಡತ್ವದ ಪಾಠವನ್ನು ನನ್ನಂತೆ ಮಾಡುವವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ! ಮೂವತ್ತು ವರ್ಷಗಳ ಹಿಂದೆ ಕನ್ನಡಿಯ ಮುಂದೆ ನಿಂತು, ಮೀಸೆಗೆ ಬಾಚಣಿಗೆ ಆಡಿಸುತ್ತಾ ನಾನು ಹೀಗೆಂದು ಘೋಷಿಸಿದ್ದೆ. ಕೇಳಿಸಿಕೊಂಡವಳು ದರ್ಜಿ ಕೆಲಸ ಮಾಡುವ ನನ್ನ ಹೆಂಡತಿ ಒಬ್ಬಳೇ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಮೊದ್ಲು ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳಿ" ಅಂದಳು.

ಆಗ ನನ್ನದು ಹಂಗಾಮಿ ಕೆಲಸ. ಗುರುವಾರ ಇನ್‌ಸ್ಪೆಕ್ಟರು ನನ್ನ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆಗೆ.

ನನ್ನ ಬಳಿ ಬ್ರಹ್ಮಾಸ್ತ್ರವಿತ್ತು. ಮೇಜಿನ ಮೇಲೆ ನುಣುಪು ಬಟ್ಟೆ, ಅದರ ಮೇಲೆ ಕಪ್ಪುಗಳು. ಬಟ್ಟೆಯನ್ನು ಸರಕ್ಕನೆ ಎಳೆದರೆ ಕಪ್ಪುಗಳು ಇದ್ದಲ್ಲೇ ಇರುತ್ತವೆ. ನಿಂತ ವಸ್ತು, ಹೊರಗಿನ ಬಲ ಬೀಳುವ ತನಕ ನಿಂತೇ ಇರುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕು! ಹೆಂಡತಿಯ ಬುಟ್ಟಿಯಿಂದ ಸ್ಯಾಟಿನ್ ತುಂಡೊಂದನ್ನು ಎಗರಿಸಿ, ಒಂದು ವಾರ ಸ್ಟೀಲ್ ಲೋಟಗಳ ಮೇಲೆ ತಾಲೀಮು ಮಾಡಿದೆ. ಮೊದಲ ದಿನ ಲೋಟಗಳೆಲ್ಲ ಮಂಚದ ಕೆಳಗೆ ಉರುಳಿದವು. ಮಂಗಳವಾರದ ಹೊತ್ತಿಗೆ ಒಂದೂ ಮಿಸುಕಲಿಲ್ಲ.

ಮದುವೆಯಲ್ಲಿ ಅತ್ತೆ ಕೊಟ್ಟಿದ್ದ ನೀಲಿ ಹೂವಿನ ಆರು ಪಿಂಗಾಣಿ ಕಪ್ಪುಗಳನ್ನು ಕೇಳಿದೆ. "ಲೋಟ ಬಿದ್ರೆ ಎತ್ಕೋಬಹುದು, ಇದು ಬಿದ್ರೆ ಗುಡಿಸ್ಬೇಕು" ಎಂದಳು. ಆದರೂ ಗುರುವಾರ ಬೆಳಿಗ್ಗೆ ಅವಳೇ ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಇಸ್ತ್ರಿ ಮಾಡಿದ ಬಟ್ಟೆಯ ಜೊತೆ ಚೀಲದಲ್ಲಿಟ್ಟಳು.

ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಹಿಂದಿನ ಪುಟ್ಟ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಇನ್‌ಸ್ಪೆಕ್ಟರು. ಬಟ್ಟೆ ಹಾಸಿ ಕಪ್ಪು ಜೋಡಿಸಿದೆ. ಬಟ್ಟೆ ಎಂದಿಗಿಂತ ಚೆಂದ ಕಂಡಿತು. ಯಾಕೆಂದು ನೋಡುವ ವ್ಯವಧಾನ ಯಾರಿಗಿತ್ತು? ಭಾಷಣ ಬಿಗಿದೆ, ಉಸಿರು ಹಿಡಿದೆ, ಎಳೆದೆ!

ಆರೂ ಕಪ್ಪುಗಳು ತವರಿಗೆ ಹೊರಟವರ ಹಾಗೆ ಬಟ್ಟೆಯ ಬೆನ್ನು ಹತ್ತಿ ಬಂದವು. ಐದು ನೆಲ ಸೇರಿ ಚೂರಾದವು. ಆರನೆಯದನ್ನು ಮುಂದಿನ ಬೆಂಚಿನ ಹುಡುಗಿ ಹಿಡಿದುಕೊಂಡಳು.

ಕೈಯಲ್ಲಿದ್ದ ಬಟ್ಟೆ ನೋಡಿದೆ. ನಾಲ್ಕೂ ಕಡೆ ಅಂಚು ಮಡಿಚಿ ಹೊಲಿದಿದೆ, ಮೇಲೊಂದು ದಪ್ಪ ಲೇಸು ಬೇರೆ!

ಆ ಹುಡುಗಿ ಎದ್ದು ನಿಂತಳು. "ಸಾರ್, ಅಂಚು ದಪ್ಪ ಇದೆ. ಅದೇ ಕಪ್ಪುಗಳನ್ನ ತಳ್ಳಿದ್ದು."

ಅಂಚಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಇನ್‌ಸ್ಪೆಕ್ಟರು ಹಿಂದಿನಿಂದ ಕೇಳಿದರು. ನಲವತ್ತೆರಡು ಬಾಯಿಗಳು ಒಟ್ಟಿಗೆ ತೆರೆದುಕೊಂಡವು. ಅಂಚು ಎಲ್ಲಿ ತಳ್ಳಿತು, ಒರಟು ಬಟ್ಟೆಯಾದರೆ ಹೇಗೆ, ಮೆಲ್ಲಗೆ ಎಳೆದರೆ ಹೇಗೆ ಎಂದು ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಇನ್‌ಸ್ಪೆಕ್ಟರೇ ಉಳಿದ ಕಪ್ಪನ್ನು ಹಿಡಿದು ನೆಲದ ಮೇಲೆ ಕೂತಿದ್ದರು. ಹೋಗುವಾಗ ನನ್ನ ಬೆನ್ನು ತಟ್ಟಿ, ಬೇಕೆಂದೇ ಅಂಚು ಹೊಲಿಸಿದಿರಲ್ಲ, ಎಂಥ ಯೋಚನೆ ಎಂದರು. "ಹೌದು ಸಾರ್" ಎಂದೆ. ಕೆಲಸ ಕಾಯಂ ಆಯಿತು.

ಮನೆಗೆ ಬಂದು ಚೂರುಗಳ ಪೊಟ್ಟಣ ಬಿಚ್ಚಿದೆ. ಹೆಂಡತಿಯ ಮುಖ ಸಪ್ಪಗಾಯಿತು. "ದರ್ಜಿಯ ಗಂಡ ನೂಲು ಬಿಟ್ಟಿರೋ ಬಟ್ಟೆ ಹಿಡ್ಕೊಂಡು ನಿಲ್ಲೋದಾ ಅಂತ ಹೊಲಿದೆ" ಎಂದಳು. ನಿಜ ಹೇಳಬೇಕಿತ್ತು. ಆದರೆ ನಾನೋ, ನೀನು ಕೆಡಿಸಿದ್ದನ್ನು ನನ್ನ ಮಾತಿನ ಬಲದಿಂದ ಉಳಿಸಿಕೊಂಡೆ ಎಂದು ಕೊಚ್ಚಿಕೊಂಡೆ. ಆಮೇಲೆ ಎಷ್ಟೋ ಸಲ ಆ ಒಂಟಿ ಕಪ್ಪನ್ನು ಒರೆಸುತ್ತಾ, ತನ್ನ ಕೈ ಸುಮ್ಮನಿರಬೇಕಿತ್ತು ಎಂದು ಅವಳು ಪೇಚಾಡಿದ್ದಾಳೆ. ಪ್ರತಿ ಸಲವೂ ನಾನು ಪೇಪರಿನಲ್ಲಿ ಮುಖ ಹುದುಗಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಮುಂದಿನ ಬೆಂಚಿನ ಆ ಹುಡುಗಿ ಮನೆಗೆ ಬಂದಿದ್ದಳು. ಈಗ ಸೇತುವೆ ಕಟ್ಟುವ ಎಂಜಿನಿಯರು, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ ಕೂದಲು. ಅದೇ ನೀಲಿ ಹೂವಿನ ಕಪ್ಪಿನಲ್ಲಿ ಚಹಾ ಕುಡಿಯುತ್ತಾ, ಆವತ್ತು ಇನ್‌ಸ್ಪೆಕ್ಟರು ಆ ಅಂಚನ್ನು ಎಷ್ಟು ಹೊಗಳಿದರೆಂದು ಒಂದಕ್ಷರ ಬಿಡದೆ ಹೇಳಿದಳು. "ಹೊಲಿದವರು ಯಾರು ಸಾರ್?"

ಹೊಲಿಗೆ ಯಂತ್ರದ ಸದ್ದು ನಿಂತಿತು. ನಾನು ತಲೆ ತಗ್ಗಿಸಿ ಆ ಕಡೆ ಬೆರಳು ತೋರಿಸಿದೆ.

ಹೆಂಡತಿ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. ಆಮೇಲೆ ಹುಡುಗಿಯ ಕಡೆ ತಿರುಗಿ ಅಂದಳು:

"ನಿಮ್ಮ ಮೇಷ್ಟ್ರು ಮೊದ್ಲಿಂದ್ಲೂ ಹಾಗೇ ಕಣಮ್ಮಾ. ಹೊರಗಿಂದ ಯಾರಾದ್ರೂ ಬಂದು ತಳ್ಳೋ ತನಕ ಮಿಸುಕೋರಲ್ಲ."