ನಾಲ್ಕು ತಾಲ್ಲೂಕಿನ ರೈಲು, ಒಂದೇ ಮೇಜಿನ ಮೇಲೆ

ತಂತಿಗೆ ತಂತಿ ತಗುಲಿ ಶಾರ್ಟ್ ಆಗುವುದು ಎಲ್ಲ ಕಡೆಯೂ ಉಂಟು. ನಮ್ಮ ಸೀಮೆಯಲ್ಲಿ ಮನುಷ್ಯರು ತಗುಲಿಯೂ ಆಗುತ್ತಿರುತ್ತದೆ.

ಐವತ್ತರ ದಶಕದ ಕೊನೆ. ನಾನು ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಯಾವ ಊರಿಗೂ ರೈಲಿಲ್ಲ. ರೈಲ್ವೆ ಅಧಿಕಾರಿಯೊಬ್ಬರು ಬರುತ್ತಾರೆಂದು ನಾಲ್ಕೂ ಊರಿನ ದೊಡ್ಡವರೆಲ್ಲ ಸೇರಿ ಸಮಿತಿ ಕಟ್ಟಿ, "ಮೇಷ್ಟ್ರೇ, ಮೇಜಿನ ಮೇಲೆ ನಾಲ್ಕೂ ಊರು ಮಾಡಿ, ಒಂದು ಪುಟ್ಟ ರೈಲು ಓಡಿಸಿ ತೋರಿಸಿ. ಕಣ್ಣಾರೆ ಕಂಡ್ರೆ ಮನಸ್ಸು ಕರಗುತ್ತೆ" ಅಂದರು. ಇದು ಓಡಿದರೆ ನಿಜವಾದ ರೈಲು ಬಂದ ಹಾಗೇ ಎಂದು ನಾನೂ ನಂಬಿದೆ. ಬಿ.ಎಸ್ಸಿ. ಓದಿದವನು ನಂಬಬಾರದಿತ್ತು.

೧. ಗಟ್ಟಿ ಅಚ್ಚು

ಲಾರಿ ಬ್ಯಾಟರಿಯ ಕರೆಂಟು ಒಂದು ಹಳಿಯಲ್ಲಿ ಹೋಗಿ, ಇಂಜಿನ್ನಿನ ಮೋಟಾರು ತಿರುಗಿಸಿ, ಇನ್ನೊಂದು ಹಳಿಯಲ್ಲಿ ವಾಪಸು ಬರಬೇಕು. ನಡುವೆ ಅಡ್ಡದಾರಿ ಸಿಕ್ಕಿತೋ, ಶಾರ್ಟು. ಪತ್ತೆಗೆಂದು ಬ್ಯಾಟರಿಯ ತಂತಿಯ ನಡುವೆ ಒಂದು ಬಲ್ಬು ಕಟ್ಟಿದ್ದೆ. ರೈಲು ಓಡಿದರೆ ಅದು ಮಂಕು, ಶಾರ್ಟಾದರೆ ಝಗ್ಗೆನ್ನುತ್ತಿತ್ತು.

ಸಿರಾದ ತಗಡಿನ ಕೆಲಸದ ಸಾಬರು ಗೇಣುದ್ದದ ಬೋಗಿ ಮಾಡಿಕೊಟ್ಟರು. ಹಳಿಯ ಮೇಲಿಟ್ಟರೆ ಬಲ್ಬು ಝಗ್. ನೋಡಿದರೆ ತಗಡಿನ ಚಕ್ರಕ್ಕೆ ಕಬ್ಬಿಣದ ಅಚ್ಚು; ಕರೆಂಟಿಗೆ ಈ ಹಳಿಯಿಂದ ಆ ಹಳಿಗೆ ಅದೇ ಸೇತುವೆ.

"ಮರದ ಅಚ್ಚು ಹಾಕಿ ಅಂದಿದ್ನಲ್ಲ ಸಾಬ್ರೇ?"

"ಮರದ್ದು ಮುರಿದ್ರೆ ಜವಾಬ್ದಾರಿ ಯಾರ್ದು ಮೇಷ್ಟ್ರೇ? ಒಳಗೆ ಪ್ಯಾಸೆಂಜರ್ ಇರ್ತಾರೆ."

೨. ಊರಿನ ಮರ್ಯಾದೆ

ರೈಲು ತಮ್ಮೂರಿಗೆ ಬಂದು ಸುತ್ತು ಹಾಕಿಯೇ ಹೋಗಬೇಕೆಂದು ಕೊರಟಗೆರೆಯ ಮುಖಂಡರ ಹಟ. ಹಿಮ್ಮುಖವಾಗಿ ಹೋದರೆ ಅವಮಾನವಂತೆ. ಹಳಿ ಸುತ್ತಿ ಬಂದು ತನ್ನನ್ನೇ ಸೇರಿದರೆ ಎಡದ್ದು ಬಲದ್ದಕ್ಕೆ ಕೂಡಿಕೊಂಡು, ರೈಲೇ ಇಲ್ಲದೆ ಶಾರ್ಟು. "ಅಲ್ಲಿ ಹಳಿ ಕತ್ತರಿಸಿ, ಬೇರೆ ಸ್ವಿಚ್ಚು ಇಡಬೇಕು" ಅಂದೆ.

"ಎಲ್ಲಾರ್ಗೂ ಪೂರಾ ಹಳಿ, ನಮ್ಗೆ ಮಾತ್ರ ತುಂಡು ಹಳಿಯೇನ್ರೀ? ಬೇಕಾದ್ರೆ ಪಾವಗಡದಾಗೆ ಕತ್ತರಿಸ್ಕಳಿ."

ಪಾವಗಡದವರು ಎದ್ದು ನಿಂತರು. "ಏಮಯ್ಯಾ, ನಮ್ಮೂರೇನು ಬಿಟ್ಟಿ ಬಿದ್ದೈತಾ?"

ಕೊನೆಗೆ ಸಮಾನತೆ ಇರಲೆಂದು ನಾಲ್ಕೂ ಊರಿನಲ್ಲಿ ಕತ್ತರಿಸಿದೆ.

೩. ದೀಪ

ಒಂದು ದಿನ ಬಡವನಹಳ್ಳಿ ಕಡೆಯ ರೈತರು ನೋಡಲು ಬಂದರು. ರೈಲು ಚೆನ್ನಾಗಿಯೇ ಓಡಿತು. ಯಾರೂ ತುಟಿಪಿಟಕ್ ಅನ್ನಲಿಲ್ಲ. ಅಷ್ಟರಲ್ಲಿ ತಂತಿ ಕಳಚಿ ಹಳಿಗಳ ಮೇಲೆ ಬಿದ್ದು ಬಲ್ಬು ಹೊತ್ತಿತು. ಚಪ್ಪಾಳೆಯೋ ಚಪ್ಪಾಳೆ. ಅವರ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ.

"ರೈಲು ಅಂಗಿರ್ಲಿ ಬುಡಿ ಮೇಷ್ಟ್ರೇ," ಅಂದರು ಒಬ್ಬ ಹಿರಿಯರು, "ಇನ್ನೊಂದ್ ಕಿತ ಆ ದೀಪ ಹತ್ಸಿ."

೪. ಹಾರ

ಅಧಿಕಾರಿ ಬಂದೇಬಿಟ್ಟರು. ನಮ್ಮ ಸಮಿತಿಯ ಅಧ್ಯಕ್ಷರು ಯಾರೆಂದಿರಿ? ಆ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಸಾಹುಕಾರರು. ರೈಲು ಬೇಡುವ ಸಮಿತಿಗೆ ಬಸ್ಸಿನ ಮಾಲೀಕರು; ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

"ಹಾರ ಹಾಕದೆ ಗಾಡಿ ಹೊರಡಿಸೋದುಂಟೇ?" ಎಂದು ಸಾಹುಕಾರರು ಇಂಜಿನ್ನಿಗೆ ಜರಿ ಹಾರ ತೊಡಿಸಿದರು. ರೈಲು ಮೊಳದಷ್ಟು ಹೋಗಿತ್ತೋ ಇಲ್ಲವೋ, ಹಾರ ಜಾರಿ ಎರಡೂ ಹಳಿಯ ಮೇಲೆ ಬಿತ್ತು. ಜರಿ ಅಂದರೆ ಲೋಹವಲ್ಲವೇ? ಬಲ್ಬು ಝಗ್, ರೈಲು ಸ್ತಬ್ಧ. ತೆಗೆಯಲು ಕೈ ಹಾಕಿದರೆ ಸಾಹುಕಾರರು ನನ್ನ ಮಣಿಕಟ್ಟು ಹಿಡಿದುಕೊಂಡು, "ಶುಭಕಾರ್ಯದಲ್ಲಿ ಹಾರ ಕೀಳಬಾರದು ಮೇಷ್ಟ್ರೇ" ಅಂದರು.

"ಯಾಕೆ ನಿಂತಿತು?" ಅಧಿಕಾರಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಉತ್ತರಿಸಿದರು: "ರೈಲಿನ ಹಣೆಬರಹವೇ ಇಷ್ಟು ಸ್ವಾಮಿ. ನಮ್ಮ ಬಸ್ಸು ನೋಡಿ, ಎಷ್ಟು ಹಾರ ಹಾಕಿದ್ರೂ ಓಡ್ತದೆ. ಬನ್ನಿ, ಮುಂದಿನ ಸೀಟು ಇಟ್ಟಿದೀನಿ."

ಅಧಿಕಾರಿ ಹೋಗಿ ಕೂತರು. ಬಸ್ಸು ಕೆಮ್ಮಿತು, ಹೊರಡಲಿಲ್ಲ. ರೈಲು ಬೇಕೆಂದು ಸಮಿತಿ ಕಟ್ಟಿದ್ದ ನಾವೆಲ್ಲ ಹಿಂದೆ ನಿಂತು, ಐಸಾ ಎಂದು ತಳ್ಳಿ, ಸ್ಟಾರ್ಟ್ ಮಾಡಿಕೊಟ್ಟೆವು.